ಬಸಳೆ ಬುಡದ ಬೂದಿ

“ಹೇಮಾ ಸುಟ್ಟ ಬಂಗಡೆ ಒಂದು ಬದಿ ಕರೀ ಆಗ್ತಿತ್ತು. ಇದು ನೋಡೇ ಮಾರಾಯ್ತಿ, ಎರಡೂ ಬದಿ ಒಂದೇ ಬಣ್ಣ!”

ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ನಾಗಮ್ಮ ಹೀಗೆ ಹೇಳಿದ್ದು ಕಿರಿಸೊಸೆ ಕಲ್ಪನಾಗೆ. ನಾಟಿದ್ದು ಮಾತ್ರ ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಹಿರಿಸೊಸೆ ಹೇಮಾಗೆ. ಮದುವೆಯಾಗಿ ಹೊಳನಗದ್ದೆಗೆ ಬಂದಾಗಿನಿಂದ ಆ ಮನೆಯಲ್ಲಿ ಮೀನು ಸುಡುವುದೆಂದರೆ ಅವಳ ಕೆಲಸ. ಮೂರು ಕಲ್ಲು, ಒಂದಿಷ್ಟು ತೆಂಗಿನ ಗರಟೆ, ಮೇಲೊಂದು ತಂತಿಯ ಜಾಲರಿ, ಅಷ್ಟೇ. ನೆಂಟರು ಚಪ್ಪಲಿ ಬಿಡುವ ಮೊದಲೇ “ಹೇಮಾ ಇವತ್ತು ಮೀನು ಸುಡ್ತಾಳಾ?” ಎಂದು ಕೇಳುತ್ತಿದ್ದರು. ಈಗ ನೋಡಿದರೆ, ಮಡಗಾಂವಿನಿಂದ ರಜೆಗೆ ಬಂದ ಕಲ್ಪನಾ ಕಾರಿನ ಡಿಕ್ಕಿಯಲ್ಲಿ ಗಾಲಿ ಇರುವ ಕಬ್ಬಿಣದ ಒಲೆಯೊಂದನ್ನು ತಂದಿದ್ದಾಳೆ. ಅದಕ್ಕೆ ಮುಚ್ಚಳ ಬೇರೆ!

ಒಲೆ ನಿಂತದ್ದು ಅಂಗಳದಲ್ಲಿ ಒಟ್ಟಿದ್ದ ಒಣಹುಲ್ಲಿನ ಕುತ್ರಿಗೆ ತೀರಾ ಹತ್ತಿರ. ಗಂಡಸರೆಲ್ಲ ಕುಮಟೆಗೆ ಮದುವೆಗೆ ಹೋಗಿದ್ದರು. ಹೇಮಾ ಸೆರಗಿಗೆ ಕೈ ಒರೆಸಿಕೊಂಡು ಬಂದಳು.

“ಕಲ್ಪನಾ, ಒಲೆ ಆಚೆ ಎಳ್ಕೊ. ಇನ್ನು ಸಮುದ್ರದ ಗಾಳಿ ಜೋರಾಗ್ತದೆ. ಕುತ್ರಿ ಹತ್ರ ಬೆಂಕಿ ಬೇಡ.”

ಕಲ್ಪನಾ ಒಲೆ ಎಳೆಯಲು ಕೈ ಹಾಕಿಯೇಬಿಟ್ಟಿದ್ದಳು. ನಾಗಮ್ಮ ನಕ್ಕಳು. “ಇರ್ಲಿ ಬಿಡೇ. ನಿನ್ನ ಒಲೆ ಕಂಡ್ರೆ ಇವ್ಳಿಗೆ ಆಗೂದಿಲ್ಲ. ಬೆಳಗಿಂದ ಮುಖ ನೋಡು, ಹಸಿ ಮುರುಗಲು ಹುಳಿ ತಿಂದವ್ರ ಹಂಗೆ!”

ಅತ್ತೆ ಹೇಳಿದ್ದು ಸುಳ್ಳಾಗಿದ್ದರೆ ಹೇಮಾ ತಿರುಗಿ ಒಂದು ಮಾತು ಆಡುತ್ತಿದ್ದಳು. ಬಾವಿಕಟ್ಟೆಗೆ ಹೋಗಿ ಮತ್ತೆ ಪಾತ್ರೆ ತಿಕ್ಕತೊಡಗಿದಳು. ಊಟಕ್ಕೆ ಕರೆದಾಗ “ನಂಗೆ ಹಸಿವಿಲ್ಲ” ಅಂದಳು. ಅತ್ತೆ ಮೀನಿನ ಮುಳ್ಳು ಚೀಪುವ ಸದ್ದು ಅಲ್ಲಿಗೂ ಕೇಳುತ್ತಿತ್ತು.

ಊಟ ಮುಗಿಸಿ ಕಲ್ಪನಾ ಒಲೆಯ ತಟ್ಟೆ ಹೊರಗೆ ಎಳೆದಳು. “ಅಕ್ಕಾ, ಬೂದಿ ನಿಮ್ಮ ಬಸಳೆ ಬುಡಕ್ಕೆ ಹಾಕ್ತೆ, ಆತಾ? ಕೆಂಡ ಎಲ್ಲ ಆರಿರಬೇಕು, ಅಲ್ದಾ?”

ಆ ಒಲೆಯಲ್ಲಿ ಉರಿದದ್ದೂ ಗರಟೆಯೇ. ಗರಟೆಯ ಕೆಂಡ ಬೂದಿ ಹೊದ್ದು ಮಲಗಿದರೆ ಸುಲಭಕ್ಕೆ ಸಾಯುವುದಿಲ್ಲ. ನೀರಿನಲ್ಲಿ ಮುಳುಗಿಸದೆ ಹೇಮಾ ಅದನ್ನು ಎಂದೂ ಚೆಲ್ಲಿದವಳಲ್ಲ. 

“ನಂಗೆಂತ ಗೊತ್ತು?” ಅಂದಳು. “ನಿನ್ನ ಒಲೆ.”

ಬಸಳೆ ಚಪ್ಪರದ ಒಂದು ಕಾಲು ಕುತ್ರಿಗೆ ತಾಗಿಕೊಂಡೇ ಇತ್ತು. ಬುಡದಲ್ಲಿ ಸುರಿದ ಬೂದಿಯೊಳಗೆ ಕೆಂಪಗೆ ಏನೋ ಮಿನುಗಿ ಮರೆಯಾದದ್ದನ್ನು ಹೇಮಾ ಕಂಡಳು. ಪಕ್ಕದಲ್ಲೇ ತುಂಬಿದ ಕೊಡಪಾನ. ಅವಳು ಎತ್ತಲಿಲ್ಲ. ಸ್ವಲ್ಪ ಹೊಗೆ ಬರಲಿ, ಅತ್ತೆಯ ಕಣ್ಣಿಗೆ ಬೀಳುವಷ್ಟು. ಬಸಳೆ ಹೋದರೆ ಹೋಗಲಿ, ಇನ್ನೊಂದು ಬಳ್ಳಿ ನೆಟ್ಟರಾಯಿತು.

ಹೊಗೆ ಬರಲಿಲ್ಲ. ಗಾಳಿ ಬಂತು. ಚಪ್ಪರದ ಒಣ ತೆಂಗಿನ ಮಡಲು ಭಗ್ಗೆಂದಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಕುತ್ರಿಯ ಅಂಚು ಹತ್ತಿಕೊಂಡಿತು.

“ಬೆಂಕಿ!” ಹೇಮಾ ಕೊಡಪಾನ ಎತ್ತಿಕೊಂಡೇ ಓಡಿದಳು. ಕಲ್ಪನಾ ಬರಿಗಾಲಲ್ಲಿ ಬಂದು ಉರಿಯುವ ಮಡಲನ್ನು ಕೈಯಿಂದಲೇ ಕಿತ್ತೆಸೆದಳು. ಒಬ್ಬಳು ನೀರು ಸೇದಿ ಸೇದಿ ಎರಚಿದಳು, ಇನ್ನೊಬ್ಬಳು ಒದ್ದೆ ಗೋಣಿಯಿಂದ ಬಡಿದಳು. ಕೊನೆಗೆ ಕುತ್ರಿಯ ಒಂದು ಮಗ್ಗುಲು ಕರಿದಾಗಿ, ನೀರು ತೊಟ್ಟಿಕ್ಕುತ್ತ ನಿಂತಿತು.

ನಾಗಮ್ಮ ಜಗಲಿಯಿಂದ ಇಳಿದು ಬಂದಳು. “ಹೇಮಾ ನೋಡದಿದ್ರೆ ಮಳೆಗಾಲದಲ್ಲಿ ದನಕ್ಕೆ ಎಂತ ಹಾಕೂದಿತ್ತು? ಬೆಂಕಿ ಅಂದ್ರೆ ಇವ್ಳಿಗೇ ಗೊತ್ತು. ಇನ್ಮೇಲೆ ಮೀನು ಹೇಮಾನೇ ಸುಡ್ಲಿ. ಆ ಗಾಲಿ ಒಲೆ ಕಾರಿಗೆ ಹಾಕೇ, ಕಲ್ಪನಾ!”

ಬೆಳಗಿನಿಂದ ಹೇಮಾ ಬಯಸಿದ್ದು ಇಷ್ಟೇ ಮಾತನ್ನು. ಕಲ್ಪನಾಳ ಅಂಗೈ ಕೆಂಪಗೆ ಉಬ್ಬುತ್ತಿತ್ತು.

“ಟೂತ್‌ಪೇಸ್ಟ್ ತಕಂಡು ಬಾ,” ಎಂದಳು ನಾಗಮ್ಮ.

“ಅದೆಂತದೂ ಬೇಡ. ನೀರಲ್ಲಿಡು,” ಎಂದು ಹೇಮಾ ಬಾವಿಯಿಂದ ಹೊಸ ನೀರು ಸೇದಿ, ಅವಳ ಕೈಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದುಕೊಂಡಳು.

“ನೀವು ಮೊದ್ಲೇ ಹೇಳಿದ್ರಿ ಅಕ್ಕಾ, ನಾನೇ ಕೇಳ್ಲಿಲ್ಲ,” ಅಂದಳು ಕಲ್ಪನಾ. “ಒಳಗೆ ನಿಮ್ಗೆ ಎರಡು ಬಂಗಡೆ ಮುಚ್ಚಿಟ್ಟಿದ್ದೆ. ದೊಡ್ಡವು.”

“ಕೈ ಎತ್ಬೇಡ. ಹಂಗೇ ಇರು.”

ಹೇಮಾ ಎದ್ದು ತಂಬಿಗೆ ತುಂಬಿಕೊಂಡು ಬಸಳೆಯ ಬುಡಕ್ಕೆ ಹೋದಳು. ಬೂದಿ ಆಗಲೇ ಕೆಸರಾಗಿತ್ತು. ಆದರೂ ಅದರ ನಡುವೆ ಕೋಲಿನಿಂದ ಒಂದು ಗುಳಿ ಮಾಡಿ ನೀರು ಹೊಯ್ದಳು. ಅಡಿಯಲ್ಲೆಲ್ಲೋ ಸಣ್ಣಗೆ ಚುಂಯ್ ಎಂದಿತು.