ಸಂಗಣ್ಣನ ಪಾಲಿಶ್ ಪರಸಿ

ಮಲಕಮ್ಮನಿಗೆ ಸೇಡು ಬೇಕಿತ್ತು. ನ್ಯಾಯ, ಪರಿಹಾರ ಎಂಬ ದೊಡ್ಡ ಮಾತುಗಳನ್ನು ಊರವರು ಆಡಿಕೊಳ್ಳಲಿ. ಗುತ್ತೇದಾರ ಸಂಗಣ್ಣ ನಾಲ್ಕು ಜನರ ಎದುರು ಒದ್ದಾಡುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು. ಬೇಡ ಎನ್ನಲು ನಾವ್ಯಾರು?

ಹುಟ್ಟಿದಾಗಿನಿಂದ ಅವಳ ಕಾಲಿಗೆ ಬಲವಿಲ್ಲ. ಅನ್ನ ಹಾಕಿದ್ದು ಕೈ. ಕೈಯಿಂದ ತಿರುಗಿಸುವ ಮಿಷನ್ ಇಟ್ಟುಕೊಂಡು ಅರ್ಧ ಸುರಪುರದ ಕುಪ್ಪಸ ಹೊಲಿದವಳು. ಹೊಸ ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ನೌಕರಿ ಸಿಕ್ಕಾಗ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಗಾಲಿಕುರ್ಚಿ ಹತ್ತಲೆಂದು ಅಲ್ಲೊಂದು ರ‍್ಯಾಂಪೂ ಇತ್ತಲ್ಲ! ಇತ್ತು, ಶಿವನಿಗೇ ಪ್ರೀತಿ. ಒರಟು ಕಲ್ಲು ಹಾಕಬೇಕಾದಲ್ಲಿ ಸಂಗಣ್ಣ ತನ್ನ ಮನೆಯ ಪಡಸಾಲೆಗೆ ಹಾಕಿಸಿದಂಥ ಹೊಳೆಯುವ ಪರಸಿಕಲ್ಲು ಹಾಸಿದ್ದ, ಅದೂ ಏಣಿ ನಿಲ್ಲಿಸಿದ ಹಾಗೆ. ಮೊದಲ ದಿನವೇ ಕುರ್ಚಿ ಹಿಂದಕ್ಕೆ ಜಾರಿ ಮಗುಚಿತು. ಮಲಕಮ್ಮನ ಬಲ ಮಣಿಕಟ್ಟು ಮುರಿಯಿತು. ನೌಕರಿ ಬೇರೊಬ್ಬಳ ಪಾಲಾಯಿತು. ಎಲುಬು ಕೂಡಿದರೂ ಆ ಕೈ ಮಿಷನ್ ತಿರುಗಿಸಲು ಒಲ್ಲೆನ್ನುತ್ತಿತ್ತು.

ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದ ಸಂಗಣ್ಣ ಎತ್ತಲು ಬರಲಿಲ್ಲ. “ನಿನ್ನಂಥಾಕಿ ಹತ್ಲಿ ಅಂತ ಯಾರು ಕಟ್ಯಾರ? ಸಾಹೇಬ್ರು ಬಂದು ನೋಡ್ಲಿ ಅಂತ ಕಟ್ಟೇವಿ” ಎಂದು ನಕ್ಕ. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅವಳು ದೂರು ಕೊಟ್ಟಳು. ತಪಾಸಣೆಗೆ ಯಾದಗಿರಿಯಿಂದ ಭಾರತಿ ಎಂಬ ಅಧಿಕಾರಿ ಬಂದರು. ಸಂಗಣ್ಣನೇನು ಕಡಿಮೆಯೇ? ದೂರು ಕೊಟ್ಟವಳನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿ, ಇಬ್ಬರು ಗಟ್ಟಿ ಆಳುಗಳಿಂದ ಮೇಲಕ್ಕೆ ನೂಕಿಸಿಬಿಟ್ಟರೆ ಬಾಯಿ ಮುಚ್ಚೀತೆಂದು ಲೆಕ್ಕ ಹಾಕಿದ್ದ. ಕೆಲಸ ತೋರಿಸುವ ಮುಂಚೆ ಪೂಜೆ ಮಾಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಚಪ್ಪಲಿ ಬಿಟ್ಟು, ರ‍್ಯಾಂಪಿನ ತಲೆಯ ಮೇಲೆ ಊದುಬತ್ತಿ ಹಚ್ಚಿ, ಒಂದರ ಹಿಂದೊಂದು ಕಾಯಿ ಒಡೆದ. ನೀರೆಲ್ಲ ಪರಸಿಯ ಮೇಲೆ ಕೆಳಗಿಳಿಯಿತು. ಮಲಕಮ್ಮ ಅದನ್ನು ನೋಡಿದಳು, ಮಾತಿಗೆ ಜೇನು ಸವರಿದಳು.

“ಅಣ್ಣಾರ, ಆಳುಗಳು ಯಾಕ್ರಿ? ಪೂಜಿ ಮಾಡಿದ ಕೈ ನಿಮ್ದು, ನೀವ ನೂಕ್ರಿ. ಫೋಟೋದಾಗೂ ಚಂದ ಕಾಣ್ತದ.”

ಫೋಟೋ ಎಂದರೆ ಸಾಕು, ಸಂಗಣ್ಣ ಉಬ್ಬಿಹೋದ. ಬರಿಗಾಲಲ್ಲೇ ಕುರ್ಚಿಯ ಹಿಂದೆ ನಿಂತು ನೂಕಿದ.

ಅರ್ಧಕ್ಕೆ ಬಂದಾಗ ಅವನ ಕಾಲು ಜಾರತೊಡಗಿತು. ಕುರ್ಚಿ ನಿಂತಿತು, ಆಮೇಲೆ ಮೆಲ್ಲಗೆ ಹಿಂದೆ ಸರಿದು ಅವನ ಎದೆಗೆ ಒರಗಿತು. ಬಿಟ್ಟರೆ ಅವನ ಮೈಮೇಲೆಯೇ ಬರುತ್ತದೆ, ಮೇಲೆ ನೂಕಲು ಹಿಡಿತವಿಲ್ಲ. ಆಳುಗಳು ಮುಂದೆ ಬಂದರು.

“ಯಾರೂ ಬರಬ್ಯಾಡ್ರಿ. ಮೇಡಂ, ಈ ಹಾದಿ ಹೆಂಗದ ಅಂತ ನೋಡಾಕ ಬಂದೀರಲ್ರಿ, ನೋಡ್ರಿ” ಎಂದಳು ಮಲಕಮ್ಮ. ಭಾರತಿ ಕೈಯೆತ್ತಿ ಆಳುಗಳನ್ನು ತಡೆದರು.

“ಬ್ರೇಕ್ ಹಾಕವ್ವ, ನಿನ್ನ ಕಾಲಿಗೆ ಬೀಳ್ತೇನಿ” ಎಂದು ಸಂಗಣ್ಣ ಪಿಸುಗುಟ್ಟಿದ.

ಬ್ರೇಕು ಅವಳ ಎಡಗೈಯ ಹತ್ತಿರವೇ ಇತ್ತು. ಅವಳು ಆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳಿಗೂ ಹೆದರಿಕೆಯಿತ್ತು, ಇವನು ಬಿಟ್ಟರೆ ಇನ್ನೊಂದು ಕೈಯೂ ಹೋಗುತ್ತದೆ. ಹೋದರೆ ಹೋಗಲಿ ಎಂದುಕೊಂಡಳು.

“ನಾ ಬಿದ್ದಾಗ ಏನಂದಿದ್ರಿ, ಅದನ್ನ ಮೇಡಂಗ ಕೇಳೂವಂಗ ಹೇಳ್ರಿ.”

ಸಂಗಣ್ಣನ ತೋಳು ನಡುಗುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. “ಇಂಥವ್ರು ಹತ್ಲಿ ಅಂತ ಕಟ್ಟಿದ್ದಲ್ರಿ” ಎಂದ. “ನೀವು ಬಂದು ನೋಡ್ಲಿ ಅಂತ ಕಟ್ಟಿದ್ದು.”

ಭಾರತಿ ತಣ್ಣಗೆ ಹೇಳಿದರು: “ಇವತ್ತೇ ಇದನ್ನ ಕಿತ್ತು ಹಾಕ್ರಿ. ಮತ್ತ ಕಟ್ಟೋದೂ ನೀವೇ, ನಿಮ್ಮ ಖರ್ಚಿನಾಗ.” ಆಮೇಲೆ ಆಳುಗಳ ಕಡೆ ತಿರುಗಿ, “ಹೋಗ್ರಿ, ಹಿಡ್ಕೊಳ್ರಿ” ಎಂದರು.

“ತಡೀರಿ ಮೇಡಂ” ಎಂದಳು ಮಲಕಮ್ಮ. ಮಡಿಲಿನ ಕೈ ಕದಲಲಿಲ್ಲ. “ಇನ್ನೊಂದೀಟು ಹಿಡ್ಕೊಂಡಿರ್ಲಿ. ಅವ್ರ ಕೈ ಈಗ ಸೋಲಾಕತ್ತಾವ.”