ನಡುಗಿದ್ದು ಯಾರ ಕಾಲು

ಎಡಗಾಲಿನಲ್ಲಿ ಬ್ರೇಕ್ ಒತ್ತಿ ನೋಡಬೇಕು ಎಂದು ಅವಳಿಗೆ ಹೊಳೆದದ್ದು ಬಚ್ಚಲಲ್ಲಿ, ತಲೆಗೆ ಸೋಪು ಹಚ್ಚಿಕೊಂಡಿದ್ದಾಗ. ಹೊಳೆದದ್ದೇ ತಡ, ಒದ್ದೆ ಕೂದಲನ್ನು ಗಂಟು ಕಟ್ಟಿಕೊಂಡು, ಕಾರಿನ ಕೀಲಿ ಹಿಡಿದು ಹೊರಟೇಬಿಟ್ಟಳು.

ಆ ಸಂಜೆಯೇ ಕಾರು ನೋಡಲು ಗಂಡನ ಆಫೀಸಿನ ಗೆಳೆಯ ಬರುವವನಿದ್ದ. ಒಪ್ಪಿಗೆಯಾದರೆ ಕೊಂಡುಹೋಗುವವನೂ ಇದ್ದ. ಕೆಲವು ವಾರಗಳಿಂದ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಕಾರು ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಕೂರುವ ಗಂಡ ಬಾಗಿಲ ಮೇಲಿನ ಹಿಡಿಗೆ ಜೋತುಬಿದ್ದು, "ಕಾರಿಗೇನೂ ಆಗಿಲ್ಲ ಕಣೇ, ನಿನ್ನ ಕಾಲು ನಡುಗ್ತಿದೆ. ಐವತ್ತು ದಾಟಿದ ಮೇಲೆ ಕಲಿತರೆ ಇನ್ನೇನಾಗುತ್ತೆ?" ಎಂದಿದ್ದ. ಅವನಿಗೆ ಡ್ರೈವಿಂಗೇ ಬರುತ್ತಿರಲಿಲ್ಲ. ಆದರೂ ಅದನ್ನು ಬೈದು ಹೇಳದೆ ಮರುಕದಿಂದ ಹೇಳಿದ್ದರಿಂದ ಅವಳು ನಂಬಿಬಿಟ್ಟಳು. ಬೈದಿದ್ದರೆ ಜಗಳವಾಡಬಹುದಿತ್ತು. ಮಾರಿಬಿಡೋಣ ಎಂದಾಗ ಹೂಂ ಅಂದಳು.

ಹೂಂ ಅಂದ ರಾತ್ರಿಯಿಂದ ನಿದ್ದೆಯಿರಲಿಲ್ಲ. ವಾರಕ್ಕೊಮ್ಮೆ ಗುಡ್ಡ ದಾಟಿ ಸಮುದ್ರಕ್ಕೆ ಹೋಗಿ ಈಜಿ ಬರುತ್ತಿದ್ದಳು. ಈಜಿಗಿಂತ ಹೆಚ್ಚಾಗಿ ಆ ದಾರಿಯೇ ಅವಳಿಗೆ ಬೇಕಾಗಿತ್ತು. ಕಿಟಕಿ ಇಳಿಸಿಕೊಂಡು ಒಬ್ಬಳೇ ಹೋಗುವಾಗ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ. ಕಾರು ಹೋದರೆ ಅದೂ ಹೋದಂತೆ.

ರಜಾ ದಿನ. ಗೋದಾಮುಗಳ ಹಿಂದಿನ ಉದ್ದನೆಯ ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ವೇಗ ಹಿಡಿದು ಬಲಗಾಲಿನಿಂದ ಬ್ರೇಕ್ ಒತ್ತಿದಳು. ಸ್ಟಿಯರಿಂಗ್ ಅಂಗೈಯಲ್ಲಿ ಗಡಗಡ ಅಂದಿತು. ತಿರುಗಿ ಬಂದು, ಉಸಿರು ಬಿಗಿಹಿಡಿದು, ಈ ಸಲ ಎಡಗಾಲಿನಿಂದ ಒತ್ತಿದಳು. ಅದೇ ಗಡಗಡ! ಒಂದು ಕಾಲು ನಡುಗೀತು, ಎರಡೂ ಕಾಲು ಒಂದೇ ತಾಳಕ್ಕೆ ನಡುಗುತ್ತವೆಯೆ? ರಸ್ತೆ ಬದಿಗೆ ನಿಲ್ಲಿಸಿ ತಮ್ಮನಿಗೆ ಫೋನು ಮಾಡಿದಳು. ಅವನದು ಸ್ವಂತ ಗ್ಯಾರೇಜು.

"ನಡುಗೋದು ನಾನಲ್ಲ ಕಣೋ! ಕಾರು!"

"ಅಕ್ಕಾ, ಬೆಳಿಗ್ಗೆ ಬೆಳಿಗ್ಗೆ ಏನು ಕುಡಿದೆ?"

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?" ಎಂದು ಅವನು ರೇಗಿದ.

"ನಡುಗೋ ಕಾಲನ್ನ ಯಾರಾದ್ರೂ ಗ್ಯಾರೇಜಿಗೆ ತರ್ತಾರೇನೋ?"

"ಸರಿ ಬಿಡು. ಈಗ ಬ್ರೇಕ್ ಮುಟ್ಟಬೇಡ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳಿ. ಅದು ಹಿಂದಿನ ಚಕ್ರಗಳನ್ನ ಮಾತ್ರ ಹಿಡಿಯುತ್ತೆ."

ಮತ್ತೆ ವೇಗ ಹಿಡಿದು ಎಳೆದಳು. ಕಾರು ಬೆಣ್ಣೆಯ ಮೇಲೆ ಜಾರಿದಷ್ಟು ನುಣುಪಾಗಿ ನಿಂತಿತು. ಹಾಗಿದ್ದರೆ ಕಾಯಿಲೆ ಮುಂದಿನ ಚಕ್ರಗಳದ್ದು! ಖಾಲಿ ರಸ್ತೆಯಲ್ಲಿ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದಳು.

ಗ್ಯಾರೇಜಿನಲ್ಲಿ ತಮ್ಮ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದ. ಬ್ರೇಕ್ ಹಿಡಿಯುವ ಉಕ್ಕಿನ ಡಿಸ್ಕಿಗೆ ಗಡಿಯಾರದಂಥ ಗೇಜನ್ನು ತಾಗಿಸಿ, "ನೀನೇ ತಿರುಗಿಸು" ಎಂದ. ಅವಳು ಕೈಯಿಂದ ಡಿಸ್ಕನ್ನು ತಿರುಗಿಸಿದಳು. ಅಲುಗಬಾರದ ಮುಳ್ಳು ಅತ್ತ ಹೋಯಿತು, ಇತ್ತ ಬಂತು.

"ಡೊಂಕಾಗಿದೆ. ಬ್ರೇಕ್ ಒತ್ತಿದಾಗ ಆ ಉಬ್ಬು ಒಂದೊಂದು ಸುತ್ತಿಗೂ ಬಂದು ಡಿಸ್ಕನ್ನ ಅಮುಕೋ ಪ್ಯಾಡಿಗೆ ಗುದ್ದುತ್ತೆ, ಅದೇ ನಿನ್ನ ಗಡಗಡ." ಇನ್ನೊಂದು ಬದಿಯದೂ ಹಾಗೇ ಇತ್ತು. ತಮ್ಮ ತಲೆ ಕೆರೆದುಕೊಂಡ. "ಹೆಚ್ಚು ಓಡಿಸಿಲ್ಲ, ಹಳೇದೂ ಅಲ್ಲ. ಯಾಕೆ ಹೀಗಾಯ್ತು?"

ಅವಳು ಡಿಸ್ಕಿನ ಮೇಲೆ ಬೆರಳಾಡಿಸಿದಳು. ಅಡುಗೆಮನೆಯ ಬಾಣಲೆ ನೆನಪಾಯಿತು. ಒಲೆಯಿಂದಿಳಿಸಿ ಬಿಸಿಯಾಗಿದ್ದಾಗಲೇ ನಲ್ಲಿಯ ಕೆಳಗೆ ಹಿಡಿದು, ತಳ ಸೊಟ್ಟಗಾಗಿ, ಆಮೇಲೆ ಎಲ್ಲಿಟ್ಟರೂ ಗಿರಕಿ ಹೊಡೆಯುತ್ತಿದ್ದ ಬಾಣಲೆ.

"ಕಾದಿರುವಾಗ ತಣ್ಣೀರು ಬಿದ್ದರೆ ಇದೂ ಸೊಟ್ಟಗಾಗುತ್ತಾ?"

"ಆಗದೆ ಏನು? ಇಳಿಜಾರೆಲ್ಲ ಬ್ರೇಕ್ ಒತ್ತಿ ಬಂದಿದ್ರೆ ಮುಟ್ಟಿದ ಕೈ ಸುಡುತ್ತೆ. ಅದರ ಮೇಲೆ ನೀರು ಹೊಯ್ಯೋ ಪುಣ್ಯಾತ್ಮ ಯಾರು?"

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಸಮುದ್ರದಿಂದ ಗುಡ್ಡವಿಳಿದು ಬರುವಾಗ ಗಂಡ ಪೈಪು ಹಿಡಿದು ಗೇಟಿನಲ್ಲೇ ಕಾದಿರುತ್ತಿದ್ದ. ಅವನಿಗೆ ಧೂಳೆಂದರೆ ಆಗದು. ಅವಳು ಇಳಿಯುವ ಮೊದಲೇ ಚಕ್ರಗಳಿಗೆ ನೀರು ಬಿಡುತ್ತಿದ್ದ. ಚುಸ್ಸೆಂದು ಹಬೆ ಏಳುತ್ತಿತ್ತು. ಅದನ್ನು ಅವಳು ಪ್ರೀತಿಯೆಂದೇ ತಿಳಿದಿದ್ದಳು. ಪ್ರೀತಿಯೇ ಇರಬಹುದು.

"ನಿಮ್ಮ ಭಾವ," ಎಂದು ಹೇಳಿ, ಹಳೆಯ ಟೈರಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಮ್ಮನೂ ಹೊಟ್ಟೆ ಹಿಡಿದುಕೊಂಡ.

ಎರಡೂ ಬದಿಗೆ ಹೊಸ ಡಿಸ್ಕು, ಹೊಸ ಪ್ಯಾಡು ಬಂದವು. ಡಿಸ್ಕು ಕೂರುವ ಜಾಗದ ತುಕ್ಕನ್ನು ಅವಳೇ ತಂತಿ ಬ್ರಷ್ಷಿನಿಂದ ತಿಕ್ಕಿದಳು. ನಟ್ಟುಗಳನ್ನು ಎದುರುಬದುರಾಗಿ ಬಿಗಿದಳು. ಸಾಕಷ್ಟು ಬಿಗಿಯಾದೊಡನೆ ಸ್ಪ್ಯಾನರ್ ಟಕ್ ಎನ್ನುತ್ತಿತ್ತು. ಪ್ರತಿ ಟಕ್ಕಿಗೂ ಅವಳ ಎದೆ ಹಿಗ್ಗುತ್ತಿತ್ತು. ಹೊಸ ಪ್ಯಾಡು ಹೊಂದಿಕೊಳ್ಳಲಿ ಎಂದು ತಮ್ಮ ಅವಳನ್ನು ಸುತ್ತಮುತ್ತ ಓಡಾಡಿಸಿ, ಹದವಾಗಿ ಬ್ರೇಕ್ ಹಾಕಿಸಿ ಕಳಿಸಿದ.

ಮನೆ ಮುಂದೆ ಆಗಲೇ ಗೆಳೆಯನ ಸ್ಕೂಟರ್ ನಿಂತಿತ್ತು. ಗಂಡ ಪೈಪು ಎಳೆದುಕೊಂಡು ಓಡಿ ಬಂದ.

"ರೀ, ನೀರು ಬಿಡಬೇಡಿ!" ತನ್ನ ದನಿಗೆ ತಾನೇ ಬೆಚ್ಚಿದಳು. "ಪೈಪು ಕೆಳಗಿಡಿ. ಇಬ್ಬರೂ ಹತ್ತಿ."

ಹತ್ತಿದರು. ಗುಡ್ಡ ಹತ್ತಿಸಿ ಇನ್ನೊಂದು ಮಗ್ಗುಲಿಗೆ ಇಳಿಸಿದಳು. ತಿರುವು ಬಂತು. ಗಂಡನ ಕೈ ಬಾಗಿಲ ಹಿಡಿ ಹುಡುಕಿತು. ಬ್ರೇಕ್ ಒತ್ತಿದಳು. ಸ್ಟಿಯರಿಂಗ್ ಮಿಸುಕಲಿಲ್ಲ.

"ವಾಹ್, ಏನು ಗಾಡಿ!" ಎಂದ ಹಿಂದಿನ ಸೀಟಿನ ಗೆಳೆಯ. "ನಾನು ತಗೊಂಡೆ."

"ಕೊಡಲ್ಲ," ಎಂದಳು.

ಗಂಡ ಅವಳ ಕಾಲನ್ನೇ ನೋಡುತ್ತಿದ್ದ. "ಏನಾಗಿತ್ತೇ?"

ಗೆಳೆಯನ ಎದುರಿಗೆ ಬೇಡ ಎಂದು ಒಂದು ಕ್ಷಣ ಅನಿಸಿತು. ಈಗ ನುಂಗಿಕೊಂಡರೆ ಎಂದೆಂದಿಗೂ ನುಂಗಿಕೊಂಡಂತೆಯೇ ಎಂದೂ ಅನಿಸಿತು.

"ಕಾದ ಡಿಸ್ಕಿಗೆ ನೀವು ತಣ್ಣೀರು ಬಿಡ್ತಿದ್ರಿ. ಅದು ಸೊಟ್ಟಗಾಗಿತ್ತು. ನನ್ನ ಕಾಲಿಗೆ ಏನೂ ಆಗಿರಲಿಲ್ಲ."

"ನಾನಾ?" ಗಂಡ ತನ್ನ ಎರಡೂ ಕೈ ನೋಡಿಕೊಂಡ. ಗೆಳೆಯ ಕೆಮ್ಮಿದ. ಕೊನೆಗೆ ಗಂಡನೇ ಮೆಲ್ಲಗೆ, "ಅಷ್ಟು ದಿನ ನಿನ್ನ ಕಾಲನ್ನ ಬೈದೆನಲ್ಲೇ," ಎಂದ.

"ಬೈದಿದ್ರೆ ಚೆನ್ನಾಗಿತ್ತು. ಅಯ್ಯೋ ಪಾಪ ಅಂದ್ರಿ."

ಮನೆಯ ಕಡೆ ತಿರುಗುವ ಜಾಗವನ್ನು ದಾಟಿ ಕಾರು ಮುಂದಕ್ಕೆ ಓಡಿತು.

"ಅಕ್ಕೋರೇ, ನನ್ನ ಸ್ಕೂಟರ್ ನಿಮ್ಮನೆ ಮುಂದಿದೆ!" ಎಂದ ಗೆಳೆಯ.

"ಇರಲಿ ಬಿಡಿ, ಅದನ್ನ ಯಾರೂ ತೊಳೆಯಲ್ಲ," ಎಂದು ಅವಳು ಕಿಟಕಿ ಇಳಿಸಿದಳು. ಮುಂದೆ ಇನ್ನೂ ದೊಡ್ಡ ಇಳಿಜಾರಿತ್ತು, ಅದರಾಚೆಗೆ ಸಮುದ್ರ.