ಸುಲ್ತಾನಾ ಮುಚ್ಚಿಟ್ಟ ಗುಳಿಗೆ

ಹುಟ್ಟಿದ ಏಳನೆಯ ದಿನ ಕೂಸಿನ ಕೈಕಾಲು ನಡುಗತೊಡಗಿದವು. ಸುಲ್ತಾನಾ ಎದೆಗೆ ಹಚ್ಚಿಕೊಂಡರೆ ಎರಡು ಗುಟುಕು ಚೀಪಿ ಬಿಟ್ಟು, ಕಿವಿ ಸೀಳುವಂತೆ ಚೀರುತ್ತಿತ್ತು. ಮಗಳನ್ನು ನೋಡಲು ತಾಳಿಕೋಟೆಯಿಂದ ಬಂದಿದ್ದ ಗಂಡ ಖಲೀಲ ಗಾಡಿ ತರಲು ಓಡಿದ. ಸುಲ್ತಾನಾ ಹೆರಿಗೆಗೆ ಬಂದಿದ್ದ ತವರು ಮಸೂತಿ ಎಂಬ ಹಳ್ಳಿ. ಅಲ್ಲಿಂದ ಬಾಗೇವಾಡಿಯ ಆಸ್ಪತ್ರೆ ಮುಟ್ಟುವವರೆಗೂ ಅವಳ ತಾಯಿ ರಮಜಾನಬಿ, ಮುಂದಿನ ಸೀಟಿನಲ್ಲಿದ್ದ ಅಳಿಯನಿಗೆ ಕೇಳದಂತೆ ಒಂದೇ ಮಾತು ಪಿಸುಗುಟ್ಟಿದಳು: "ಗುಳಿಗಿ ಸುದ್ದಿ ಎತ್ತಬ್ಯಾಡ. ನಿನ್ನ ಮನಿ ಮುರೀತೈತಿ."

ಸುಲ್ತಾನಾಳಿಗೆ ಹನ್ನೆರಡನೆಯ ವಯಸ್ಸಿನಿಂದ ಫಿಟ್ಸ್. ದಿನಾ ಗುಳಿಗೆ ನುಂಗಿದರೆ ಬರುತ್ತಿರಲಿಲ್ಲ. ಮದುವೆ ಮಾಡುವಾಗ ಇದನ್ನು ಮುಚ್ಚಿಟ್ಟಿದ್ದರು. ಬಸಿರಾದ ಮೇಲೂ ಅವಳು ಗಂಡನಿಗೂ ಡಾಕ್ಟರಿಗೂ ಹೇಳದೆ ನುಂಗುತ್ತಲೇ ಇದ್ದಳು.

ಮಕ್ಕಳ ಡಾಕ್ಟರ್ ಸುವರ್ಣಾ ಕೂಸನ್ನು ನೋಡಿದರು. ಜ್ವರವಿರಲಿಲ್ಲ. ರಕ್ತದ ಸಕ್ಕರೆ ಸರಿಯಿತ್ತು.

"ಬಸರಿದ್ದಾಗ ಯಾವ ಗುಳಿಗಿ ತಗೊಂಡಿದ್ದಿಯವ್ವಾ?"

ರಮಜಾನಬಿ ಮಗಳ ಮೊಣಕೈ ಹಿಡಿದು ಒತ್ತಿದಳು.

"ರಕ್ತದ ಗುಳಿಗಿ ಅಷ್ಟರಿ," ಎಂದಳು ಸುಲ್ತಾನಾ.

"ಹಂಗಾದ್ರ ಮಿದುಳಿಗೆ ನಂಜು ಏರೈತೇನೋ ನೋಡಬೇಕು. ಬೆನ್ನಾಗಿಂದ ನೀರು ತಗೀತೇವಿ." ಡಾಕ್ಟರ್ ಖಲೀಲನ ಕಡೆ ಕಾಗದ ಸರಿಸಿದರು. "ಇಲ್ಲಿ ಸಹಿ ಮಾಡ್ರಿ."

ನರ್ಸ್ ಕೂಸನ್ನು ಮಗ್ಗುಲಾಗಿ ಮಲಗಿಸಿ ಬೆನ್ನು ಬಾಗಿಸಿದಳು. ಆ ಬೆನ್ನು ಸುಲ್ತಾನಾಳ ಅಂಗೈಯಷ್ಟಿತ್ತು.

"ತಡೀರಿ," ಎಂದಳು ಸುಲ್ತಾನಾ. "ನನಗ ಫಿಟ್ಸ್ ಐತ್ರಿ. ಒಂಬತ್ತೂ ತಿಂಗಳು ಅದರ ಗುಳಿಗಿ ನುಂಗೇನಿ."

ರಮಜಾನಬಿ ನೆಲ ನೋಡಿದಳು. ಖಲೀಲ ಸಹಿ ಮಾಡದೆ ಹೊರಗೆ ಹೋದ.

ಡಾಕ್ಟರ್ ಗುಳಿಗೆಯ ಹೆಸರು ಕೇಳಿ ಬರೆದುಕೊಂಡರು. "ಹೊಟ್ಟ್ಯಾಗ ಇದ್ದಾಗ ಕೂಸಿಗೂ ಅದು ರೂಢಿ ಆಗಿರತೈತಿ. ಈಗ ಸಿಗವಲ್ದು, ಅದಕ್ಕ ನಡುಗಾಕತ್ತಿರಬೇಕು. ಮೊದಲು ರಕ್ತ ಪರೀಕ್ಷೆ ಮಾಡೂಣು. ಬೆನ್ನಿನ ಸೂಜಿ ಸದ್ಯಕ್ಕ ಬ್ಯಾಡ."

"ನಂದ ತಪ್ಪೇನ್ರಿ?"

"ನುಂಗಿದ್ದು ತಪ್ಪಲ್ಲ. ಬಿಟ್ಟಿದ್ರ ಫಿಟ್ಸ್ ಬಂದು ಇಬ್ಬರ ಜೀವಕ್ಕೂ ಕುತ್ತಿತ್ತು. ಹೇಳಿದ್ರ ನಾವು ತಯಾರಿರ್ತಿದ್ವಿ. ಈಗೂ ನಿನ್ನಷ್ಟಕ್ಕ ನೀನ ಬಿಡಬ್ಯಾಡ."

ರಕ್ತದಲ್ಲಿ ನಂಜು ಕಾಣಲಿಲ್ಲ. ಮಂದ ಬೆಳಕಿನ ಕೋಣೆಯಲ್ಲಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಔಷಧಿ ಹನಿ ಹನಿಯಾಗಿ ಅಳೆದು ಹಾಕಿದರು. ಸುಲ್ತಾನಾ ಹಾಲು ಹಿಂಡಿ ಚಮಚದಲ್ಲಿ ಕುಡಿಸಿದಳು. ಅರ್ಧ ಕಕ್ಕಿಬಿಡುತ್ತಿತ್ತು. ಎರಡು ದಿನ ಖಲೀಲ ಊಟದ ಡಬ್ಬಿ ಬಾಗಿಲಲ್ಲಿಟ್ಟು ಮಾತಾಡದೆ ಹೋದ.

ಮೂರನೆಯ ದಿನ ಒಳಗೆ ಬಂದು ಕುಳಿತ. "ನನಗ್ಯಾಕ ಹೇಳಲಿಲ್ಲ?"

"ಬಿಟ್ಟುಬಿಡ್ತೀರಿ ಅಂತ ಅಂಜಿದ್ದೆರಿ."

ಅವನು ಕೂಸಿಗೆ ಸುತ್ತಿದ ಬಟ್ಟೆ ಸರಿಮಾಡಿದ. "ಮನ್ಯಾಗ ನಿನಗ ಫಿಟ್ಸ್ ಬಂದ್ರ ನಾ ಏನು ಮಾಡಬೇಕು?"

"ಮಗ್ಗಲಿಗೆ ಹೊಳ್ಳಿಸಿ ಮಲಗಿಸ್ರಿ. ಬಾಯಾಗ ಏನೂ ತುರುಕಬ್ಯಾಡ್ರಿ."

ಹತ್ತು ದಿನಕ್ಕೆ ಮನೆಗೆ ಕಳಿಸಿದರು. ನಡುಕ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಕೂಸಿನ ಕತ್ತು ಯಾವಾಗ ನಿಲ್ಲುತ್ತದೆ, ಅದು ಯಾವಾಗ ಕೂರುತ್ತದೆ ಎಂದು ನೋಡಲು ವರ್ಷಪೂರ್ತಿ ತೋರಿಸುತ್ತಿರಬೇಕು ಎಂದರು ಡಾಕ್ಟರ್. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಖಲೀಲ ತಾಯಿ ಹಜರಾಬಿಗೆ ಫೋನ್ ಹಚ್ಚಿ, ಸೊಸೆಗೆ ಫಿಟ್ಸ್ ಇರುವುದನ್ನು ತಾನೇ ಹೇಳಿದ. ಅತ್ತೆ ಏನನ್ನುತ್ತಾಳೋ ಎಂದು ಸುಲ್ತಾನಾ, ಇನ್ನೂ ಸಣ್ಣಗೆ ನಡುಗುತ್ತಿದ್ದ ಕೂಸಿನ ಗದ್ದ ನೋಡುತ್ತ ಕಾಯ್ದಳು.